ಬಾಯಿ, ಗೊರಸು, ನೀರು

ಗದ್ದೆಯ ಹುಣಿಯಲ್ಲಿ ಕಟ್ಟಿದ ದನ ದಿನವೂ ಅದೇ ಹುಲ್ಲು ಮೇಯುತ್ತದೆ. ವರ್ಷಗಟ್ಟಲೆ ಮೇಯ್ದರೂ ಆ ಹುಲ್ಲು ಸಾಯುವುದಿಲ್ಲ. ಮೇಯ್ದಷ್ಟೂ ನೆಲಕ್ಕಂಟಿಕೊಂಡು ಇನ್ನಷ್ಟು ದಟ್ಟವಾಗಿ ಹಬ್ಬುತ್ತದೆ. ಅದೇ ಹುಲ್ಲು ಹುಣಿಯಿಂದ ಕೆಳಗಿಳಿದು ಗದ್ದೆಯೊಳಗೆ ಬೇರೂರಿದ್ದರೆ ಕಥೆ ಬೇರೆ. ಮಳೆ ಹಿಡಿದ ಮೇಲೆ ಒಂದು ಜೊತೆ ಕೋಣ ಅದರ ಮೇಲೆ ನಾಲ್ಕಾರು ಸುತ್ತು ಓಡಾಡಿ ಕೆಸರೆಬ್ಬಿಸಿದರೆ, ಗದ್ದೆಯ ಬಾಯಿ ಕಟ್ಟಿ ನೀರು ನಿಲ್ಲಿಸಿದರೆ, ಎರಡು ವಾರದಲ್ಲಿ ಅದು ಕೊಳೆತು ಗೊಬ್ಬರವಾಗುತ್ತದೆ.

ಬೇಸಾಯ ಮಾಡಿದ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತು. ಕೋಣ ಇಳಿದರೆ ಗದ್ದೆ ಹಸನು ಎಂದು ಹಿರಿಯರು ಹೇಳುತ್ತಿದ್ದುದು ಇದನ್ನೇ. ಆದರೆ ಯಾಕೆ ಎಂದು ಕೇಳಿದರೆ ಉತ್ತರ ಅರ್ಧಕ್ಕೆ ನಿಲ್ಲುತ್ತದೆ. ಪ್ರಾಣಿ ಹುಲ್ಲನ್ನು ತಿಂದು ಮುಗಿಸಿತು ಎನ್ನೋಣವೆಂದರೆ ಹುಣಿಯಲ್ಲೂ ತಿಂದದ್ದು ಅದೇ ಪ್ರಾಣಿ. ತುಳಿದು ಸಾಯಿಸಿತು ಎನ್ನೋಣವೆಂದರೆ ಹಟ್ಟಿಯಿಂದ ಗುಡ್ಡೆಗೆ ಹೋಗುವ ದನದ ದಾರಿಯಲ್ಲಿ ಅಷ್ಟೆಲ್ಲ ತುಳಿದರೂ ಎರಡೂ ಬದಿ ಗರಿಕೆ ಬದುಕಿಯೇ ಇರುತ್ತದೆ. ನೀರಿನಲ್ಲಿ ಮುಳುಗಿ ಸತ್ತಿತು ಎನ್ನುವುದೂ ಸರಿಹೋಗುವುದಿಲ್ಲ, ಏಕೆಂದರೆ ಅದು ಇಡೀ ಮಳೆಗಾಲ ನೀರಿನಲ್ಲೇ ನಿಂತು ಬೆಳೆದ ಕಳೆ. ಮೂರರಲ್ಲಿ ಯಾವ ಒಂದೂ ಒಂಟಿಯಾಗಿ ಕೊಲ್ಲುವುದಿಲ್ಲ, ಮೂರೂ ಒಂದಾದ ಮೇಲೆ ಒಂದು ಬಂದರೆ ಕೊಲ್ಲುತ್ತವೆ. ಅದು ಹೇಗೆ ಎನ್ನುವುದು ಈ ಅಧ್ಯಾಯ.

ಐವರ್ನಾಡಿನ ತಗ್ಗು

ಸುಳ್ಯದಿಂದ ಸೋಣಂಗೇರಿಯ ಮೇಲಾಗಿ ಬೆಳ್ಳಾರೆಗೆ ಹೋಗುವ ದಾರಿಯಲ್ಲಿ ಐವರ್ನಾಡು. ಮೇಲೆ ಗುಡ್ಡೆ, ಈಗ ಬಹುಪಾಲು ರಬ್ಬರು. ಗುಡ್ಡೆಯ ಬುಡದಲ್ಲಿ ಅಡಿಕೆ ತೋಟ. ಅದರ ಕೆಳಗೆ ತೋಡು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದು ಮುಗಿಯುತ್ತದೆ. ಮುರಕಲ್ಲಿನ ಗುಡ್ಡೆ ಅದರಲ್ಲಿ ಒಂದು ಪಾಲನ್ನು ಹೀರಿಕೊಂಡು ಬುಡದಲ್ಲಿ ಒರತೆಯಾಗಿ ಬಿಡುತ್ತ ಇರುತ್ತದೆ. ಹಾಗಾಗಿ ಮಳೆ ನಿಂತು ತಿಂಗಳುಗಳಾದರೂ ತಗ್ಗಿನ ನೆಲ ಕಾಲಿಗೆ ಪಚಪಚ ಎನ್ನುತ್ತದೆ.

ದಕ್ಷಿಣ ಕನ್ನಡದ ರೈತರು ಈ ನೀರಿನ ಲೆಕ್ಕದಲ್ಲೇ ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ವಿಂಗಡಿಸಿದ್ದರು. ಬೆಟ್ಟುಗದ್ದೆಗೆ ಮಳೆಯ ಒಂದು ಬೆಳೆ, ಮಜಲಿಗೆ ಏಣೆಲು ಮತ್ತು ಸುಗ್ಗಿ, ಬೈಲಿಗೆ ಕೊಳಕೆಯೂ ಸೇರಿ ಮೂರು. ಸುಳ್ಯ, ಪುತ್ತೂರು, ಕಡಬದ ಕಡೆ ಈ ಗದ್ದೆಗಳಲ್ಲಿ ಬಹಳಷ್ಟು ಈಗ ಅಡಿಕೆ ತೋಟಗಳು. ಆದರೆ ಕೆಲವು ತುಂಡುಗಳು ಯಾವುದಕ್ಕೂ ಒಗ್ಗದೆ ಉಳಿದಿವೆ. ಎಷ್ಟು ಆಳದ ಕಣಿ ತೆಗೆದರೂ ನೀರು ಇಳಿಯದ ಜಾಗ ಅದು, ಅಡಿಕೆಯ ಬೇರು ಅಲ್ಲಿ ಕೊಳೆಯುತ್ತದೆ. ಭತ್ತ ಬೇಸಾಯ ಮಾಡುವವರಿಲ್ಲ. ಹೀಗೆ ಎರಡು ತೋಟಗಳ ನಡುವೆ ಇಪ್ಪತ್ತು ಸೆಂಟ್ಸೋ ಐವತ್ತು ಸೆಂಟ್ಸೋ ಹಡಿಲು ಬಿದ್ದಿರುತ್ತದೆ. ಉಡುಪಿಯಲ್ಲಿ 2021ರಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ನಡೆದಾಗ ಜನರಿಗೆ ಎದುರಾದ ಮೊದಲ ತೊಡಕೂ ಇದೇ: ಬೀಜ, ನೇಜಿಗಿಂತ ಮೊದಲು, ಎದೆಮಟ್ಟ ಬೆಳೆದ ಕಳೆಯನ್ನು ಏನು ಮಾಡುವುದು?

ಆ ಹಡಿಲಿನಲ್ಲಿ ಏನಿರುತ್ತದೆ? ಮುಮ್ಮೂಲೆ ದಂಟಿನ ಜೊಂಡು, ಒಣ ಅಂಚಿನಲ್ಲಿ ಜೇಕು, ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಹರಡುವ ನೀರುಹುಲ್ಲು, ತೋಡಿನ ಬದಿಗೆ ಕಾಡುಕೆಸು, ಹುಣಿಯ ಮೇಲೆ ಮುಟ್ಟಿದರೆ ಮುನಿ, ನಡುನಡುವೆ ತಿಮರೆ. ಕಳೆಕೊಚ್ಚುವ ಯಂತ್ರ ತಂದು ಹೊಡೆಸಿದರೆ ಒಂದು ದಿನ ಚೊಕ್ಕಟ. ಮೂರು ವಾರಕ್ಕೆ ಮತ್ತೆ ಅಷ್ಟೇ. ಕಳೆನಾಶಕ ಸಿಂಪಡಿಸುವವರೂ ಇದ್ದಾರೆ. ತೋಡಿಗೆ ಅಷ್ಟು ಹತ್ತಿರದ, ಬಾವಿಗಿಂತ ಮೇಲಿನ ಒದ್ದೆ ನೆಲಕ್ಕೆ ಅದನ್ನು ಹಾಕುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿಂದ ಹರಿದ ನೀರು ಯಾರೋ ಕುಡಿಯುವ ನೀರು.

ಬಾಯಿ ಎಲ್ಲಿಯವರೆಗೆ

ಗಿಡ ಬೆಳೆಯುವುದು ಒಂದು ಸಣ್ಣ ಜಾಗದಿಂದ. ಹೊಸ ಜೀವಕೋಶ ಹುಟ್ಟುವ ಆ ಜಾಗವನ್ನು ಚಿಗುರುಬಿಂದು ಎನ್ನೋಣ. ಮಾವು, ತೊಂಡೆ, ಕಮ್ಯುನಿಸ್ಟ್ ಗಿಡ ಮುಂತಾದ ಅಗಲ ಎಲೆಯವುಗಳಲ್ಲಿ ಅದು ರೆಂಬೆಯ ತುದಿಯಲ್ಲಿರುತ್ತದೆ. ಆಡು ತುದಿ ಕಡಿದರೆ ಅಲ್ಲಿಗೆ ಆ ರೆಂಬೆಯ ಬೆಳವಣಿಗೆ ನಿಂತಿತು. ಗಿಡ ಕೆಳಗಿನ ಮೊಗ್ಗನ್ನು ಎಬ್ಬಿಸಿ ಹೊಸದಾಗಿ ಶುರುಮಾಡಬೇಕು. ಮತ್ತೆ ಮತ್ತೆ ಕಡಿದರೆ ಸೋಲುತ್ತದೆ.

ಹುಲ್ಲು ಮತ್ತು ಜೊಂಡಿನಲ್ಲಿ ಚಿಗುರುಬಿಂದು ಬುಡದಲ್ಲಿದೆ, ಮಣ್ಣಿಗೆ ತಾಗಿಕೊಂಡು, ಎಲೆಗಳ ಸುರುಳಿಯ ಒಳಗೆ. ಅಷ್ಟೇ ಅಲ್ಲ, ಹುಲ್ಲಿನ ಪ್ರತಿ ಎಲೆಯೂ ಬುಡದಿಂದಲೇ ಮೇಲಕ್ಕೆ ತಳ್ಳಲ್ಪಡುತ್ತದೆ. ತುದಿ ಎಲೆಯ ಹಳೆಯ ಭಾಗ, ಬುಡ ಹೊಸ ಭಾಗ. ದನದ ನಾಲಿಗೆ ಹುಲ್ಲನ್ನು ಸುತ್ತಿ ಎಳೆದು ಕತ್ತರಿಸುವುದು ಎರಡು ಮೂರು ಅಂಗುಲ ಮೇಲೆ. ಅದಕ್ಕೆ ಮೇಲಿನ ದವಡೆಯಲ್ಲಿ ಮುಂಬಲ್ಲುಗಳೇ ಇಲ್ಲದ ಕಾರಣ ನೆಲಮಟ್ಟಕ್ಕೆ ಕತ್ತರಿಸಲು ಆಗುವುದೂ ಇಲ್ಲ. ಹೋದದ್ದು ಹಳೆಯ ಎಲೆ, ಉಳಿದದ್ದು ಬೆಳೆಯುವ ಬುಡ. ಮೇಲಿನ ನೆರಳು ಹೋದದ್ದರಿಂದ ಬುಡದ ಮೊಗ್ಗುಗಳಿಗೆ ಬೆಳಕು ಬಿದ್ದು ಅಡ್ಡಚಿಗುರುಗಳೂ ಒಡೆಯುತ್ತವೆ. ಮೇಯುವ ಪ್ರಾಣಿಗಳೂ ಹುಲ್ಲುಗಳೂ ಕೋಟ್ಯಂತರ ವರ್ಷ ಜೊತೆಜೊತೆಗೇ ಬೆಳೆದು ಬಂದವು. ಬಾಯಿಗೆ ಸಿಗದ ಹಾಗೆ ಬದುಕುವುದನ್ನು ಹುಲ್ಲು ಅಷ್ಟು ಚೆನ್ನಾಗಿ ರೂಢಿಸಿಕೊಂಡಿದೆ.

ಹುಣಿಯ ಹುಲ್ಲಿನ ಕಥೆ ಇಲ್ಲಿಗೆ ಮುಗಿಯಿತು. ಒದ್ದೆ ಗದ್ದೆಯ ಹುಲ್ಲಿಗೂ ಇದೇ ರಕ್ಷಣೆಯಿದೆ. ಆದರೆ ಅದಕ್ಕೆ ಹುಣಿಯ ಹುಲ್ಲಿಗಿಲ್ಲದ ಒಂದು ದುರ್ಬಲ ಜಾಗವೂ ಇದೆ, ಅದು ದಂಟಿನ ಒಳಗೆ.

ದಂಟಿನೊಳಗಿನ ಗಾಳಿಗೂಡು

ಜೊಂಡಿನ ಒಂದು ದಂಟನ್ನು ಬುಡದಿಂದ ಕಿತ್ತು ಬೆರಳುಗಳ ನಡುವೆ ತಿರುಗಿಸಿ ನೋಡಿ, ಮೂರು ಅಂಚು ತಾಗುತ್ತದೆ. ಹರಿತವಾದ ಬ್ಲೇಡಿನಿಂದ ಅಡ್ಡಕ್ಕೆ ಕೊಯ್ದರೆ ಒಳಗೆ ಬಿಳಿಯ ಹಗುರವಾದ ತಿರುಳು. ಭೂತಗನ್ನಡಿ ಹಿಡಿದರೆ ಆ ತಿರುಳು ಗಟ್ಟಿಯಲ್ಲ, ತೆಳು ಗೋಡೆಗಳ ನಡುವೆ ಖಾಲಿ ಕೋಣೆಗಳು. ಹೆಬ್ಬೆರಳುದ್ದದ ತುಂಡನ್ನು ಬಟ್ಟಲ ನೀರಿನಲ್ಲಿ ಒತ್ತಿ ಹಿಡಿದು ಹಿಸುಕಿದರೆ ಕೊಯ್ದ ತುದಿಯಿಂದ ಗುಳ್ಳೆಗಳು ಸಾಲಾಗಿ ಏಳುತ್ತವೆ. ನೈದಿಲೆಯ ದಂಟಿನಲ್ಲಿ ಈ ಕೋಣೆಗಳು ಬರಿಗಣ್ಣಿಗೇ ಕಾಣುವಷ್ಟು ದೊಡ್ಡವು. ವಿಜ್ಞಾನಿಗಳು ಏರೆಂಕೈಮಾ ಎನ್ನುವ ಈ ಅಂಗಾಂಶಕ್ಕೆ ನಾವು ಗಾಳಿಗೂಡು ಎನ್ನೋಣ. ನೀರಿನಲ್ಲಿ ನಿಂತು ಬೆಳೆಯುವ ಬಹುಪಾಲು ಗಿಡಗಳಲ್ಲಿ ಎಲೆಯಿಂದ ದಂಟು, ದಂಟಿನಿಂದ ನೆಲದೊಳಗಿನ ಕಾಂಡ, ಅಲ್ಲಿಂದ ಬೇರಿನ ತುದಿಯವರೆಗೆ ಇದು ಹಬ್ಬಿರುತ್ತದೆ. ಭತ್ತದಲ್ಲೂ ಇದೆ.

ಯಾಕೆ ಬೇಕು? ಬೇರೂ ಉಸಿರಾಡಬೇಕು. ಒಣ ನೆಲದಲ್ಲಿ ಮಣ್ಣಿನ ಕಣಗಳ ನಡುವಿನ ಗಾಳಿಯಿಂದ ಬೇರು ಆಮ್ಲಜನಕ ಪಡೆಯುತ್ತದೆ. ನೀರು ನಿಂತ ನೆಲದಲ್ಲಿ ಆ ಸಂದುಗಳೆಲ್ಲ ನೀರಿನಿಂದ ತುಂಬುತ್ತವೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಹರಡುವುದು ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಮಣ್ಣಿನ ಸೂಕ್ಷ್ಮಜೀವಿಗಳು ಇದ್ದಷ್ಟನ್ನು ಒಂದೆರಡು ದಿನದಲ್ಲಿ ಮುಗಿಸಿಬಿಡುತ್ತವೆ.

ನಮ್ಮ ಕಡೆ ಮಕ್ಕಳು ಪಪ್ಪಾಯಿ ಎಲೆಯ ಟೊಳ್ಳು ದಂಟನ್ನು ಬಾಯಿಗಿಟ್ಟುಕೊಂಡು ಕೆರೆಯಲ್ಲಿ ಮುಳುಗಿ ಆಡುವುದುಂಟು. ದಂಟಿನ ಮೇಲಿನ ತುದಿ ನೀರಿನಿಂದ ಹೊರಗಿರುವಷ್ಟು ಹೊತ್ತು ಮುಳುಗಿದವನಿಗೆ ಉಸಿರು ಸಿಗುತ್ತದೆ. ಜೊಂಡಿನ ಬೇರು ಕೆಸರಿನಲ್ಲಿ ಬದುಕುವುದೂ ಹೀಗೆ. ಮೇಲಿನವರು ದಂಟನ್ನು ಗಿಡ್ಡ ಮಾಡಿದರೆ ಏನೂ ಆಗದು, ತುದಿ ಇನ್ನೂ ಹೊರಗಿದೆ. ನೀರಿನ ಮಟ್ಟಕ್ಕಿಂತ ಕೆಳಗೆ ಮುರಿದರೆ ಮಾತ್ರ ಉಸಿರಿನ ಬದಲು ನೀರು ಒಳಗೆ ನುಗ್ಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ, ಕಳೆ ತೆಗೆಯುವವರು ಹೆಚ್ಚಾಗಿ ಗಮನಿಸದೆ ಬಿಡುವುದು. ದಂಟು ಹಸಿರಾಗಿ ಬದುಕಿರಬೇಕೆಂದೇನೂ ಇಲ್ಲ. ಕಳೆದ ವರ್ಷದ ಒಣಗಿದ, ಕಂದು ಬಣ್ಣಕ್ಕೆ ತಿರುಗಿದ ಮೋಟು ದಂಟೂ ನೀರಿನಿಂದ ಹೊರಗೆ ಚಾಚಿದ್ದರೆ ಅದರ ಮೂಲಕವೂ ಗಾಳಿ ಕೆಳಗಿಳಿಯುತ್ತದೆ. ಕಳೆಕೊಚ್ಚುವ ಯಂತ್ರ ನಾಲ್ಕಾರು ಅಂಗುಲ ಕೂಳೆ ಬಿಟ್ಟು ಹೋಗುತ್ತದೆ. ಆಮೇಲೆ ಗದ್ದೆಯಲ್ಲಿ ಮೂರು ಅಂಗುಲ ನೀರು ನಿಲ್ಲಿಸಿದರೆ ಕೂಳೆಯೆಲ್ಲ ಹೊರಗೆ ತಲೆಯೆತ್ತಿ ಬೇರಿಗೆ ಉಸಿರು ಕೊಡುತ್ತಲೇ ಇರುತ್ತದೆ. ಯಂತ್ರ ಸೋಲುವುದು ಇಲ್ಲಿ.

ತುಕ್ಕು ಬಣ್ಣದ ಬೇರು

ಗಾಳಿ ನಿಜವಾಗಿಯೂ ಕೆಳಗಿಳಿಯುತ್ತದೆ ಎನ್ನುವುದಕ್ಕೆ ಸಾಕ್ಷಿ ಬೇಕಾದರೆ ಐವರ್ನಾಡಿನಂಥ ಮುರಕಲ್ಲಿನ ಊರಲ್ಲಿ ಹುಡುಕಿಕೊಂಡು ಹೋಗಬೇಕಿಲ್ಲ. ನೀರು ನಿಂತ ಗದ್ದೆಯ ಮೂಲೆಯಲ್ಲಿ ಎಣ್ಣೆ ಚೆಲ್ಲಿದ್ದಾರೇನೋ ಎನಿಸುವ ಬಣ್ಣಬಣ್ಣದ ತೆಳು ಪದರವೊಂದು ಕಾಣುತ್ತದೆ. ಕಡ್ಡಿಯಿಂದ ತಟ್ಟಿ ನೋಡಿ. ಎಣ್ಣೆಯಾಗಿದ್ದರೆ ಸರಿದು ಮತ್ತೆ ಕೂಡಿಕೊಳ್ಳುತ್ತಿತ್ತು. ಇದು ಚೂಪು ಮೂಲೆಗಳ ಚೂರುಗಳಾಗಿ ಒಡೆಯುತ್ತದೆ, ಕೂಡಿಕೊಳ್ಳುವುದಿಲ್ಲ. ಅದು ಕಬ್ಬಿಣ. ಆಮ್ಲಜನಕ ಮುಗಿದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಉಸಿರಾಟಕ್ಕೆ ಕಬ್ಬಿಣವನ್ನು ಬಳಸಿಕೊಳ್ಳತೊಡಗುತ್ತವೆ. ಆಗ ಅದು ನೀರಿನಲ್ಲಿ ಕರಗುತ್ತದೆ. ಕರಗಿದ ಕಬ್ಬಿಣ ನೀರಿನ ಮೇಲ್ಮೈಗೆ ಬಂದು ಗಾಳಿ ತಾಗಿದಾಗ ಮತ್ತೆ ತುಕ್ಕಾಗುತ್ತದೆ.

ಈಗ ಅದೇ ಗದ್ದೆಯಿಂದ ಒಂದು ಹಿಡಿ ಭತ್ತವನ್ನೋ ಜೊಂಡನ್ನೋ ಬೇರುಸಹಿತ ಕಿತ್ತು ತೊಳೆಯಿರಿ. ಸುತ್ತಲಿನ ಕೆಸರು ಕಪ್ಪುಬೂದು, ಬೇರು ಮಾತ್ರ ಕಿತ್ತಳೆ ಮಿಶ್ರಿತ ಕಂದು. ಗಾಳಿಗೂಡಿನ ಮೂಲಕ ಇಳಿದು ಬಂದ ಆಮ್ಲಜನಕದಲ್ಲಿ ಸ್ವಲ್ಪ ಬೇರಿನಿಂದ ಹೊರಗೂ ಸೋರುತ್ತದೆ. ಕರಗಿದ ಕಬ್ಬಿಣ ಅಲ್ಲೇ ತುಕ್ಕಾಗಿ ಬೇರಿಗೆ ಅಂಟಿಕೊಳ್ಳುತ್ತದೆ. ಆ ಬಣ್ಣ ಗಿಡಕ್ಕೆ ಕವಚವೂ ಹೌದು, ಏಕೆಂದರೆ ಕರಗಿದ ಕಬ್ಬಿಣ ಮಿತಿಮೀರಿ ಒಳಹೋದರೆ ವಿಷ. ಗಾಳಿಯ ದಾರಿ ಕಟ್ಟಿದ ಗಿಡದ ಬೇರು ಕೆಲವೇ ದಿನಗಳಲ್ಲಿ ಈ ಬಣ್ಣ ಕಳೆದುಕೊಂಡು ಕಪ್ಪಾಗುತ್ತದೆ, ಅದರಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ.

ಸಕ್ಕರೆಯ ಲೆಕ್ಕ

ಉಸಿರು ಕಟ್ಟಿದ ಕೂಡಲೇ ಕಳೆ ಸಾಯುವುದಿಲ್ಲ. ಜೊಂಡು, ನೀರುಹುಲ್ಲುಗಳ ನೆಲದೊಳಗಿನ ಕಾಂಡದಲ್ಲಿ ಪಿಷ್ಟದ ಸಂಗ್ರಹವಿದೆ. ಮೇಲಿನದ್ದೆಲ್ಲ ಹೋದರೂ ಅದನ್ನು ಸಕ್ಕರೆಯಾಗಿ ಕರಗಿಸಿ ಹೊಸ ಚಿಗುರು ಕಳಿಸುತ್ತದೆ. ಚಿಗುರು ನೀರಿನ ಮಟ್ಟ ದಾಟಿ ಹೊರಬಂದರೆ ಗೆದ್ದಿತು: ಗಾಳಿಯೂ ಸಿಕ್ಕಿತು, ಬೆಳಕೂ ಸಿಕ್ಕಿತು.

ಆದರೆ ಈ ಸಕ್ಕರೆಯನ್ನು ಉರಿಸಲು ಆಮ್ಲಜನಕ ಬೇಕು. ಇಲ್ಲದಿದ್ದರೆ ಗಿಡ ಹುದುಗು ಹಿಡಿಯುವ ದಾರಿಗೆ ಇಳಿಯುತ್ತದೆ, ಕಳ್ಳಿನಲ್ಲಿ ನಡೆಯುವ ಅದೇ ಕ್ರಿಯೆ. ಆ ದಾರಿಯಲ್ಲಿ ಅದೇ ಸಕ್ಕರೆಯಿಂದ ಸಿಗುವ ಶಕ್ತಿ ಗಾಳಿಯಿದ್ದಾಗ ಸಿಗುವುದರ ಸುಮಾರು ಹದಿನೈದನೇ ಒಂದು ಪಾಲು ಮಾತ್ರ. ಅಂದರೆ ಜೀವ ಹಿಡಿದುಕೊಂಡಿರಲೂ ಹದಿನೈದು ಪಟ್ಟು ವೇಗದಲ್ಲಿ ಉಗ್ರಾಣ ಖಾಲಿ ಮಾಡಬೇಕು. ಇಡೀ ಬೇಸಿಗೆ ದಾಟಿಸಬಹುದಾಗಿದ್ದ ಪಿಷ್ಟ ಕೆಲವೇ ವಾರಗಳಲ್ಲಿ ತೀರುತ್ತದೆ. ಈ ಅಧ್ಯಾಯದಲ್ಲಿ ಒಂದೇ ಸಂಗತಿ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ: ಒದ್ದೆ ಗದ್ದೆಯ ಕಳೆ ಸಾಯುವುದು ಉಸಿರುಗಟ್ಟಿದ ಹಸಿವಿನಿಂದ. ಬಾಯಿ ಮತ್ತು ಗೊರಸು ಅದರ ದಾರಿ ತೆರೆಯುತ್ತವೆ, ಕೆಲಸ ಮುಗಿಸುವುದು ನೀರು.

ಉಗ್ರಾಣದಲ್ಲಿ ಎಷ್ಟಿದೆ ಎನ್ನುವುದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಹೊಸ ಮಳೆಗೆ ಚಿಗುರಿ ಹೂವಿಗೆ ಬರುವ ಮೊದಲಿನ ಹಂತದಲ್ಲಿ ಸಂಗ್ರಹ ಕಡಿಮೆ, ಏಕೆಂದರೆ ಇದ್ದದ್ದನ್ನೆಲ್ಲ ಮೇಲಕ್ಕೆ ಕಳಿಸಿಯಾಗಿದೆ, ಎಲೆಗಳು ದುಡಿದು ಕೆಳಕ್ಕೆ ಕಳಿಸುವುದು ಇನ್ನೂ ಆಗಬೇಕಷ್ಟೆ. ನಮ್ಮ ಕಡೆ ಅದು ಪತ್ತನಾಜೆ ಕಳೆದು ಮಳೆ ಹಿಡಿಯುವ ಹೊತ್ತು, ಮೇ ಕೊನೆಯಿಂದ ಜೂನ್ ನಡುವಿನವರೆಗೆ. ಏಣೆಲು ಬೇಸಾಯಕ್ಕೆ ಗದ್ದೆ ಉಳುತ್ತಿದ್ದುದೂ ಆಗಲೇ.

ಗೊರಸಿನ ಎರಡು ಕೆಲಸ

ಯಂತ್ರಕ್ಕೆ ಆಗದ್ದು ಗೊರಸಿಗೆ ಆಗುತ್ತದೆ. ನಾಲ್ಕು ನೂರು ಕಿಲೋ ತೂಗುವ ಕೋಣದ ಭಾರವೆಲ್ಲ ನಾಲ್ಕು ಸಣ್ಣ ಪಾದಗಳ ಮೇಲೆ; ಹೆಜ್ಜೆ ಎತ್ತಿದಾಗ ಮೂರರ ಮೇಲೆ. ಅಗಲ ಟಯರಿನ ಟ್ರ್ಯಾಕ್ಟರಿಗಿಂತ ಹೆಚ್ಚಿನ ಒತ್ತಡ ಅಲ್ಲಿ ಬೀಳುತ್ತದೆ. ಸೀಳಿದ ಗೊರಸು ಕೆಸರಿಗೆ ಇಳಿಯುವಾಗ ಅಗಲವಾಗುತ್ತದೆ, ಎತ್ತುವಾಗ ಮುಚ್ಚಿಕೊಳ್ಳುತ್ತದೆ. ಹೀಗೆ ಅಗಲಿಸಿ ಮುಚ್ಚುವ ಕೀಲುಗಳು ಕೋಣ–ಎಮ್ಮೆಗಳಲ್ಲಿ ದನಕ್ಕಿಂತ ಸಡಿಲ. ಹಾಗಾಗಿಯೇ ಅವು ದನ ಹೂತುಹೋಗುವ ಕೆಸರಿನಲ್ಲೂ ಸಲೀಸಾಗಿ ನಡೆಯುತ್ತವೆ. ಇಳಿಯುವ ಗೊರಸು ಕೂಳೆಯನ್ನು ಮುರಿದು, ಬಗ್ಗಿಸಿ, ಮಣ್ಣಿನೊಳಗೆ ಹೂಳುತ್ತದೆ. ನೀರಿನಿಂದ ಹೊರಗೆ ಚಾಚಿದ್ದ ತುದಿ ಈಗ ಕೆಸರಿನ ತಳದಲ್ಲಿದೆ.

ಎರಡನೆಯ ಕೆಲಸ ಕಣ್ಣಿಗೆ ಕಾಣುವುದಿಲ್ಲ, ನನ್ನ ಪ್ರಕಾರ ಮೊದಲನೆಯದಕ್ಕಿಂತ ದೊಡ್ಡದು. ಮುರಕಲ್ಲಿನ ಮಣ್ಣಿನಲ್ಲಿ ನೀರು ಬೇಗ ಇಂಗುತ್ತದೆ. ಒರತೆಯಿಲ್ಲದ ಕಡೆ ಒಂದು ವಾರ ಮಳೆ ಬಿಟ್ಟರೆ ಗದ್ದೆ ಬತ್ತಿ ಬಿರುಕು ಬಿಟ್ಟು ಬೇರಿಗೆ ಮತ್ತೆ ಗಾಳಿ ಸಿಗುತ್ತದೆ. ಒದ್ದೆ ಮಣ್ಣನ್ನು ಪದೇಪದೇ ತುಳಿದಾಗ ಅದರ ಹೆಂಟೆಗಳು ಒಡೆದು ನುಣ್ಣನೆಯ ಜೇಡಿಕಣಗಳು ಕೆಳಗಿನ ಸಂದುಗಳನ್ನು ತುಂಬುತ್ತವೆ, ಅಡಿಯಲ್ಲೊಂದು ಬಿಗಿ ಪದರ ಕಟ್ಟುತ್ತದೆ. ಆಮೇಲೆ ನೀರು ನಿಲ್ಲುತ್ತದೆ. ಕೆಸರು ಮಾಡುವುದು ನೇಜಿ ನೆಡಲು ಮೆತ್ತಗಾಗಲಿ ಎಂದಷ್ಟೇ ಅಂದುಕೊಳ್ಳುವವರು ಈ ಪದರವನ್ನು ಮರೆಯುತ್ತಾರೆ.

ನಮ್ಮಲ್ಲಿ ಈ ಕೆಲಸಕ್ಕೆ ನೇಗಿಲು, ಹಲಗೆ, ಹಗ್ಗ ಎಲ್ಲ ಇದ್ದವು. ಕಂಬಳದ ನೇಗಿಲು, ಅಡ್ಡಹಲಗೆ, ಹಗ್ಗದ ವಿಭಾಗಗಳಲ್ಲಿ ಅವು ಇಂದಿಗೂ ಉಳಿದಿವೆ. ಮಡಗಾಸ್ಕರಿನಲ್ಲಿ ನೇಗಿಲೂ ಇಲ್ಲದೆ ಇದನ್ನು ಮಾಡುತ್ತಾರೆ. ಅಲ್ಲಿನ ಹಳ್ಳಿಗಳಲ್ಲಿ ನೀರು ಕಟ್ಟಿದ ಗದ್ದೆಗೆ ಡುಬ್ಬದ ದನಗಳ ಹಿಂಡನ್ನೇ ಹೊಡೆದು, ಕೂಗುತ್ತ ಓಡಿಸುತ್ತ, ಕಳೆಯೆಲ್ಲ ಕೆಸರಾಗುವವರೆಗೆ ಸುತ್ತು ಹಾಕಿಸುವುದು ಹಳೆಯ ಪದ್ಧತಿ. ಶ್ರೀಲಂಕಾದಲ್ಲಿ ಎಮ್ಮೆಗಳಿಂದ ಇದೇ ಕೆಲಸ ಮಾಡಿಸುತ್ತಿದ್ದರು.

ಭರತಪುರದಲ್ಲಿ ಎಮ್ಮೆ ಹೋದ ಮೇಲೆ

ರಾಜಸ್ಥಾನದ ಭರತಪುರದ ಕೇವಲಾದೇವ್ ಹಕ್ಕಿಧಾಮದಲ್ಲಿ ತಲೆತಲಾಂತರದಿಂದ ಸುತ್ತಲಿನ ಹಳ್ಳಿಗಳ ಎಮ್ಮೆಗಳು ಮೇಯುತ್ತಿದ್ದವು. ರಾಷ್ಟ್ರೀಯ ಉದ್ಯಾನವಾದ ಮೇಲೆ, 1982ರಲ್ಲಿ, ಮೇಯಿಸುವುದನ್ನು ನಿಷೇಧಿಸಿದರು. ಪ್ರತಿಭಟಿಸಿದ ಹಳ್ಳಿಗರ ಮೇಲೆ ಗೋಲಿಬಾರು ನಡೆದು ಜೀವಗಳು ಹೋದವು. ಎಮ್ಮೆ ಹಕ್ಕಿಗೆ ಶತ್ರು ಎನ್ನುವುದು ಆಗಿನ ತಿಳುವಳಿಕೆ. ಎಮ್ಮೆ ಹೋದ ಮೇಲೆ ಪಾಸ್ಪಲಮ್ ಎಂಬ ನೀರುಹುಲ್ಲು ಅಂಕೆಯಿಲ್ಲದೆ ಹಬ್ಬಿ ತೆರೆದ ನೀರನ್ನೇ ಮುಚ್ಚಿತು. ಬಾತುಗಳಿಗೆ ಈಜಲು, ಮೀನು ಹಿಡಿಯುವ ಹಕ್ಕಿಗಳಿಗೆ ಮುಳುಗಲು ಜಾಗ ಕಡಿಮೆಯಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿ. ಎಸ್. ವಿಜಯನ್ ಮತ್ತು ಸಂಗಡಿಗರು 1980ರ ದಶಕವಿಡೀ ಅಲ್ಲಿ ಅಧ್ಯಯನ ಮಾಡಿ, ಜೌಗಿನ ಆರೋಗ್ಯಕ್ಕೆ ಎಮ್ಮೆ ಬೇಕಿತ್ತು ಎಂಬ ತೀರ್ಮಾನಕ್ಕೆ ಬಂದರು.

ಆ ಹಳ್ಳಿಗರು ತಮ್ಮ ಎಮ್ಮೆ ಹುಲ್ಲನ್ನು ಹದದಲ್ಲಿಡುತ್ತದೆ ಎಂದು ಮೊದಲೇ ಬಲ್ಲವರು. ಅವರ ಮಾತನ್ನು ಅಳೆದು ನೋಡುವ ಮೊದಲೇ ಗುಂಡು ಹಾರಿತು. ಜಾನುವಾರು–ಜೌಗಿನ ಸಂಬಂಧದ ಬಗ್ಗೆ ಓದುವಾಗಲೆಲ್ಲ ನನ್ನನ್ನು ಹೆಚ್ಚು ನೋಯಿಸುವ ಸಂಗತಿ ಇದು.

ಅರ್ಧ ಎಕರೆಗೆ ಎಷ್ಟು ಬಾಯಿ

ಹಡಿಲಿಗೆ ಬರೋಣ. ಐವತ್ತು ಸೆಂಟ್ಸಿನ ತುಂಡಿಗೆ ಎರಡು ದನ ಬಿಟ್ಟು ಮೂರು ತಿಂಗಳು ಮರೆತುಬಿಟ್ಟರೆ ಏನಾಗುತ್ತದೆ? ಅವು ರುಚಿಯಾದ ಹುಲ್ಲನ್ನು ಆರಿಸಿ ತಿನ್ನುತ್ತವೆ. ಒರಟು ಜೊಂಡು, ತುರಿಸುವ ಕೆಸು ಹಾಗೇ ಉಳಿದು, ಪೈಪೋಟಿಗೆ ಹುಲ್ಲಿಲ್ಲದ ಕಾರಣ ಇನ್ನಷ್ಟು ಹಬ್ಬುತ್ತವೆ. ಮರು ವರ್ಷ ಮೊದಲಿಗಿಂತ ಕೆಟ್ಟ ಕಳೆ. ಜಾನುವಾರು ಬಿಟ್ಟು ನೋಡಿದೆವು, ಪ್ರಯೋಜನವಾಗಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಮಾಡಿದ್ದು ಹೀಗೆಯೇ.

ಬೇಕಾದದ್ದು ಕಡಿಮೆ ಜಾಗ, ಹೆಚ್ಚು ಬಾಯಿ, ಕಡಿಮೆ ದಿನ. ಹತ್ತು ಸೆಂಟ್ಸ್ ಅಂದರೆ ಸುಮಾರು ನಾಲ್ಕು ನೂರು ಚದರ ಮೀಟರು. ಚೆನ್ನಾಗಿ ಬೆಳೆದ ಒದ್ದೆ ನೆಲದ ಕಳೆ ಚದರ ಮೀಟರಿಗೆ ಒಂದರಿಂದ ಎರಡು ಕಿಲೋ ಎಂದಿಟ್ಟುಕೊಂಡರೆ ಅಲ್ಲಿ ನಾಲ್ಕರಿಂದ ಎಂಟು ನೂರು ಕಿಲೋ ಹಸಿ ಹುಲ್ಲಿದೆ. ಒಂದು ಕೋಣ ದಿನಕ್ಕೆ ಐವತ್ತು ಅರುವತ್ತು ಕಿಲೋ ಹಸಿಹುಲ್ಲು ತಿನ್ನುತ್ತದೆ, ತಿನ್ನುವಷ್ಟೇ ತುಳಿದೂ ಹಾಕುತ್ತದೆ. ಹಗ್ಗವನ್ನೋ ಸೋಲಾರ್ ಬೇಲಿಯ ತಂತಿಯನ್ನೋ ಎಳೆದು ಹತ್ತು ಸೆಂಟ್ಸನ್ನು ಬೇರ್ಪಡಿಸಿ ಒಂದು ಜೊತೆಯನ್ನು ಬಿಟ್ಟರೆ ಮೂರು ನಾಲ್ಕು ದಿನದಲ್ಲಿ ಆ ತುಂಡು ಮುಗಿಯಬೇಕು. ಹೀಗೆ ಒತ್ತಿ ಮೇಯಿಸಿದಾಗ ಆರಿಸಿ ತಿನ್ನುವ ಅವಕಾಶ ಕಡಿಮೆ, ಎಳೆಯ ಜೊಂಡೂ ಹೊಟ್ಟೆಗೆ ಹೋಗುತ್ತದೆ, ಉಳಿದದ್ದು ಗೊರಸಿನಡಿಗೆ.

ಮಲೆನಾಡು ಗಿಡ್ಡ ಹಸುಗಳಾದರೆ? ಒಂದೊಂದು ನೂರಿಪ್ಪತ್ತು ಕಿಲೋದ ಆಸುಪಾಸು. ಆರು ಗಿಡ್ಡಗಳ ಬಾಯಿ ಎರಡು ಕೋಣಗಳ ಬಾಯಿಗೆ ಸಮ, ಕಾಲು ಮಾತ್ರ ಸಮವಲ್ಲ. ಗುಡ್ಡೆ ಹತ್ತಿ ಸೊಪ್ಪು ಕಡಿಯುವುದರಲ್ಲಿ ಅವುಗಳಿಗೆ ಎಣೆಯಿಲ್ಲ, ಮೊಣಕಾಲು ಕೆಸರಿನಲ್ಲಿ ನಿಲ್ಲಲು ಅವು ಒಪ್ಪುವುದಿಲ್ಲ. ಗಿಡ್ಡಗಳಿಂದ ಮೇಯಿಸಿ, ಆಮೇಲೆ ಟಿಲ್ಲರಿನ ಕೇಜ್‌ವೀಲಿನಿಂದ ಕೆಸರು ಮಾಡಿಸುವುದು ಅವರವರ ಅನುಕೂಲದ ದಾರಿ. ಆಡು ಒದ್ದೆ ನೆಲಕ್ಕೆ ತಕ್ಕುದಲ್ಲ, ಅದರ ಗೊರಸು ಬೇಗ ಕೊಳೆಯುತ್ತದೆ. ಹುಣಿಯ ಮುಟ್ಟಿದರೆ ಮುನಿಗೆ ಬೇಕಾದರೆ ಕಟ್ಟಬಹುದು.

ತುಂಡು ಮುಗಿದ ದಿನವೇ ಗದ್ದೆಯ ಬಾಯಿ ಕಟ್ಟಬೇಕು. ಮುರಿದ ದಂಟಿನಿಂದ ಹೊಸ ಚಿಗುರು ಮೇಲೇಳಲು ನಾಲ್ಕಾರು ದಿನ ಸಾಕು. ಅಷ್ಟರೊಳಗೆ ಕೂಳೆಯ ಮೇಲೆ ನಾಲ್ಕೈದು ಅಂಗುಲ ನೀ‌ರು ನಿಂತಿರಬೇಕು, ಎರಡು ವಾರಕ್ಕೆ ಕಡಿಮೆಯಿಲ್ಲದಂತೆ ನಿಲ್ಲಬೇಕು. ಹುಣಿಯಲ್ಲಿ ಏಡಿ ಕೊರೆದ ತೂತುಗಳನ್ನು ಹುಡುಕಿ ಮುಚ್ಚುವುದು ಆಗಿನ ದಿನನಿತ್ಯದ ಕೆಲಸ. ನಡುವೆ ಎಲ್ಲಾದರೂ ಹಸಿರು ತುದಿ ನೀರಿನಿಂದ ಹೊರಗೆ ಕಂಡರೆ ಕೋಣಗಳನ್ನು ಇನ್ನೊಂದು ಸುತ್ತು ಇಳಿಸಬೇಕು. ಕೊಳೆಯುವಾಗ ವಾಸನೆ ಏಳುತ್ತದೆ, ಕಾಲಿಟ್ಟರೆ ಗುಳ್ಳೆ ಬರುತ್ತದೆ. ಅದು ಪೂರ್ತಿ ಅಡಗುವ ಮೊದಲು ನೇಜಿ ನೆಟ್ಟರೆ ಅದರ ಎಳೆಬೇರೂ ಕಳೆಯ ದಾರಿಯನ್ನೇ ಹಿಡಿಯುತ್ತದೆ.

ಉಳಿಯುವವು, ಮತ್ತು ಬಾತು

ಇಷ್ಟು ಮಾಡಿದರೂ ಕಾಡುಕೆಸು ಉಳಿಯುತ್ತದೆ. ಅದರ ದಂಟು, ಎಲೆಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿ ಹರಳುಗಳು ಕಟ್ಟುಕಟ್ಟಾಗಿ ಇರುತ್ತವೆ; ಒಮ್ಮೆ ಕಚ್ಚಿದ ದನ ಮತ್ತೆ ಮೂಸುವುದಿಲ್ಲ. ಗಡ್ಡೆ ತಿನ್ನುವುದರಲ್ಲಿ ಕಾಡುಹಂದಿಯೇ ನಿಸ್ಸೀಮ, ಅದು ಬಂದರೆ ಕೆಸುವಿನ ಜೊತೆ ಹುಣಿಯನ್ನೂ ಮಗುಚಿ ಹಾಕುತ್ತದೆ. ಕೆಸುವನ್ನು ಹಾರೆ ಹಾಕಿ ಅಗೆದೇ ತೆಗೆಯಬೇಕು.

ಇನ್ನೊಂದು, ಮಣ್ಣಿನಲ್ಲಿ ಬಿದ್ದಿರುವ ಬೀಜಗಳು. ನೀರು ನಿಂತರೆ ಹೆಚ್ಚಿನವು ಮೊಳೆಯುವುದಿಲ್ಲ, ಅವಕ್ಕೂ ಗಾಳಿ ಬೇಕು. ಭತ್ತವನ್ನೇ ಹೋಲುವ ಎಕಿನೊಕ್ಲೋವಾ ಎಂಬ ಹುಲ್ಲು ಮಾತ್ರ ಆಮ್ಲಜನಕವಿಲ್ಲದೆಯೂ ಮೊಳೆಯಬಲ್ಲದು. ನೇಜಿಯ ಸಾಲಿನಲ್ಲಿ ಅದನ್ನು ಗುರುತಿಸಲು ಎಲೆ ದಂಟಿಗೆ ಕೂಡುವ ಜಾಗ ಬಿಡಿಸಿ ನೋಡಬೇಕು: ಭತ್ತದಲ್ಲಿ ಅಲ್ಲೊಂದು ತೆಳು ಬಿಳಿ ಪೊರೆಯೂ ಸಣ್ಣ ರೋಮದ ಕಿವಿಗಳೂ ಇವೆ, ಇದರಲ್ಲಿ ಏನೂ ಇಲ್ಲ, ಬೋಳು. ತಲೆಮಾರುಗಳ ಕಾಲ ಮನುಷ್ಯರು ಕಣ್ಣಿಗೆ ಬೇರೆಯಾಗಿ ಕಂಡದ್ದನ್ನೆಲ್ಲ ಕಿತ್ತು ಕಿತ್ತು, ಭತ್ತದಂತೆ ಕಾಣುವುದು ಮಾತ್ರ ಉಳಿದುಕೊಂಡಿತು.

ನೆಟ್ಟ ಮೇಲೆ ಕೋಣವನ್ನಂತೂ ಇಳಿಸುವಂತಿಲ್ಲ. ಆಗ ಕೆಲಸಕ್ಕೆ ಬರುವುದು ಬಾತು. ಜಪಾನಿನ ಫುಕುವೋಕಾ ಪ್ರಾಂತ್ಯದ ರೈತ ತಕಾವೊ ಫುರುನೊ 1988ರಿಂದ ಇದನ್ನು ಮಾಡಿ ತೋರಿಸಿ ಏಷ್ಯಾದ ಹಲವು ದೇಶಗಳಿಗೆ ಕಲಿಸಿದರು. ನೇಜಿ ಬೇರು ಹಿಡಿದ ಮೇಲೆ ಇಪ್ಪತ್ತೈದು ಸೆಂಟ್ಸಿಗೆ ಹದಿನೈದು ಇಪ್ಪತ್ತು ಮರಿಗಳ ಲೆಕ್ಕದಲ್ಲಿ ಬಿಡುವುದು. ಭತ್ತದ ಎಲೆಯಲ್ಲಿ ಸಿಲಿಕಾ ಹೆಚ್ಚಿದ್ದು ಒರಟಾದ್ದರಿಂದ ಬಾತು ಅದಕ್ಕೆ ಬಾಯಿ ಹಾಕುವುದಿಲ್ಲ. ಆಗಷ್ಟೇ ಮೊಳೆತ ಕಳೆಯನ್ನು ಕೊಕ್ಕಿನಿಂದ ಕಿತ್ತು ನುಂಗುತ್ತದೆ, ಕಾಲಾಡಿಸಿ ನೀರನ್ನು ರಾಡಿ ಮಾಡುತ್ತದೆ. ರಾಡಿ ನೀರಿನ ತಳಕ್ಕೆ ಬೆಳಕು ಇಳಿಯದೆ ಉಳಿದ ಮೊಳಕೆಗಳೂ ಸೊರಗುತ್ತವೆ. ತೆನೆ ಹೊರಟ ಕೂಡಲೇ ಹೊರಗೆ ತರಬೇಕು, ಕಾಳು ಅದಕ್ಕೆ ಬಹಳ ಇಷ್ಟ. ಐವರ್ನಾಡಿನ ಕಡೆ ಮುಂಗುಸಿ, ನರಿ, ಹೆಬ್ಬಾವು ಎಲ್ಲ ಇರುವುದರಿಂದ ಸುತ್ತ ಬಲೆ ಕಟ್ಟದೆ, ರಾತ್ರಿ ಗೂಡಿಗೆ ಸೇರಿಸದೆ ಈ ಕೆಲಸಕ್ಕೆ ಇಳಿಯಲೇಬಾರದು.

ಬಸವನಹುಳುವಿನ ದಾರಿ

ಕಳೆಯ ಲೆಕ್ಕ ಇಷ್ಟಾಯಿತು. ಪ್ರಾಣಿಯ ಲೆಕ್ಕ ಹೇಳದೆ ಈ ಅಧ್ಯಾಯ ಮುಗಿಸುವುದು ತಪ್ಪು. ಒದ್ದೆ ಗದ್ದೆ ಮೇಯುವ ದನಕ್ಕೆ ದೊಡ್ಡ ಅಪಾಯ ಯಕೃತ್ತಿನ ಚಪ್ಪಟೆ ಹುಳು. ಹುಳುವಿರುವ ದನದ ಸಗಣಿಯಲ್ಲಿ ಮೊಟ್ಟೆ ಹೊರಬೀಳುತ್ತದೆ. ನೀರಿನಲ್ಲಿ ಎರಡು ಮೂರು ವಾರಕ್ಕೆ ಮರಿಯಾಗಿ ಸಿಹಿನೀರಿನ ಒಂದು ಜಾತಿಯ ಬಸವನಹುಳುವಿನ ಒಳಹೊಕ್ಕು, ಅಲ್ಲಿ ವಾರಗಟ್ಟಲೆ ಬೆಳೆದು ಒಂದು ನೂರಾಗಿ ಹೊರಬಂದು, ನೀರಿನಂಚಿನ ಹುಲ್ಲಿಗೆ ಅಂಟಿ ಕೋಶ ಕಟ್ಟಿಕೊಳ್ಳುತ್ತದೆ. ಆ ಹುಲ್ಲು ತಿಂದ ದನದ ಯಕೃತ್ತಿಗೆ ಮತ್ತೆ ಸೇರುತ್ತದೆ. ದನ ಸೊರಗುತ್ತದೆ, ಹಾಲು ಕಡಿಮೆಯಾಗುತ್ತದೆ, ರೋಗ ಬಲಿತಾಗ ದವಡೆಯ ಕೆಳಗೆ ನೀರು ತುಂಬಿದ ಬಾವು ಕಾಣಿಸುತ್ತದೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಸಗಣಿಯಿಂದ ಹುಲ್ಲಿಗೆ ಬರುವ ಈ ದಾರಿ ಕ್ರಮಿಸಲು ನಮ್ಮ ಸೆಖೆಯ ಹವೆಯಲ್ಲೂ ಎರಡು ತಿಂಗಳಿಗೆ ಕಡಿಮೆಯಿಲ್ಲ. ಬೇಸಿಗೆಯಲ್ಲಿ ಪೂರ್ತಿ ಒಣಗುವ ಗದ್ದೆಯಾದರೆ ಹಿಂದಿನ ವರ್ಷದ ಕೋಶಗಳಲ್ಲಿ ಬಹುಪಾಲು ಬಿಸಿಲಿಗೆ ಸತ್ತಿರುತ್ತವೆ. ಹಾಗಾಗಿ ಮೊದಲ ಮಳೆಗೆ ಬಂದ ಹೊಸ ಹುಲ್ಲು ವರ್ಷದಲ್ಲೇ ಕಡಿಮೆ ಅಪಾಯದ ಹುಲ್ಲು, ಆಗಸ್ಟಿನ ನಂತರದ್ದು ಹೆಚ್ಚಿನ ಅಪಾಯದ್ದು. ಇಡೀ ವರ್ಷ ಒರತೆಯಿಂದ ಒದ್ದೆಯಾಗಿಯೇ ಇರುವ ತುಂಡಿಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿಗೆ ಇಳಿಸುವ ಮೊದಲು ಸಗಣಿ ಪರೀಕ್ಷೆ, ಆಮೇಲೆ ಪಶುವೈದ್ಯರು ಹೇಳಿದ ಜಂತುನಾಶಕ, ಎರಡೂ ಬೇಕು. ಬಾತುಗಳು ಬಸವನಹುಳುಗಳನ್ನು ಹುಡುಕಿ ತಿನ್ನುವುದರಿಂದ ಅವನ್ನು ಬಿಟ್ಟ ಗದ್ದೆಯಲ್ಲಿ ಈ ಹಾವಳಿ ತಗ್ಗುತ್ತದೆ. ಕಳೆಯ ಉಗ್ರಾಣ ಬರಿದಾಗಿರುವ ಮೇ ಕೊನೆ–ಜೂನ್‌ನ ಆ ಮೂರು ವಾರಗಳಲ್ಲೇ ಹುಲ್ಲೂ ದನಕ್ಕೆ ಹೆಚ್ಚು ಕ್ಷೇಮ. ಜುಲೈ ಹೊತ್ತಿಗೆ ಕೋಣಗಳು ಹಟ್ಟಿಗೆ ಮರಳಿರಬೇಕು, ಮುಂದೆ ಆ ಗದ್ದೆಯ ಹುಲ್ಲನ್ನು ಕೊಯ್ದು ಹಾಕುವುದಾದರೂ ಬಿಸಿಲಿಗೆ ಚೆನ್ನಾಗಿ ಒಣಗಿಸಿದ ಮೇಲೆಯೇ ಬೈಪಣೆಗೆ.